ಉಳಿದರ್ಧ ಉಂಡೆ

ಮೈದುನನಿಗೆ ಹುಲ್ಲು ಕೊಯ್ಯಲು ಬಾರದೆಂದು ಯಾರೂ ಹೇಳುವಂತಿರಲಿಲ್ಲ. ಯಂತ್ರ ಹತ್ತಿದನೆಂದರೆ ಮಧ್ಯಾಹ್ನದೊಳಗೆ ಹೊಲ ಬೋಳು. ಅವನಿಗೆ ಬಾರದಿದ್ದದ್ದು ಒಂದೇ, ಅತ್ತಿಗೆಯ ಮಾತು ಕೇಳುವುದು. ತಾಯಿಯಿಲ್ಲದ ಅವನನ್ನು ಹತ್ತನೇ ವಯಸ್ಸಿನಿಂದ ಸಾಕಿದವಳು. ಅಣ್ಣ ಹೋದ ಮೇಲೆ ಕೊಟ್ಟಿಗೆಯ ಯಜಮಾನಿಕೆಯೂ ಅವಳದೇ. ಯಂತ್ರ ಇಳಿಸುವ ಮೊದಲು ಡಬ್ಬಿ ಬಡಿಯುತ್ತ ಹೊಲ ಸುತ್ತಬೇಕು, ಹುಲ್ಲಲ್ಲಿ ಅಡಗಿದ ಮೊಲ, ಹಕ್ಕಿ ಎದ್ದೋಡಬೇಕು ಎಂಬುದು ಅವಳ ಕಟ್ಟಪ್ಪಣೆ. ಸತ್ತ ಪ್ರಾಣಿ ಮೇವಿಗೆ ಸೇರಿ, ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ವಿಷ ಹುಟ್ಟುತ್ತದೆಂದು ಹತ್ತು ಸಲ ಹೇಳಿದ್ದಳು. ಮೊಲಗಳಿಗೂ ವಾದ್ಯದ ಮೆರವಣಿಗೆ ಬೇಕೇ ಎಂದು ಅವನು ಹನ್ನೊಂದು ಸಲ ನಕ್ಕಿದ್ದ.

ಆ ದಿನ ಮೋಡ ಕವಿದಿತ್ತು. ಹುಲ್ಲು ನೆನೆದರೆ, ಹುಳಿ ಬರಿಸಿ ಕೂಡಿಡುವ ರಸಮೇವು ಕೆಡುತ್ತದೆಂಬ ಅವಸರದಲ್ಲಿ ಡಬ್ಬಿ ಮನೆಯಲ್ಲೇ ಉಳಿಯಿತು. ಕೆಳಗಿನ ಹೊಲದ ತಗ್ಗಿನಲ್ಲಿ ಯಂತ್ರದಡಿ ಏನೋ ಮೆತ್ತಗೆ ಸಿಕ್ಕಂತಾಯಿತು. ತಿರುಗಿ ನೋಡಿದರೆ ಕಂದು ರೋಮ. ಇಳಿಯಬೇಕಿತ್ತು ಮಹಾರಾಯ, ಐದು ನಿಮಿಷದ ಕೆಲಸ! ಇಳಿಯಲಿಲ್ಲ. ಸಂಜೆಗೆ ಮೇವಿನ ಅರವತ್ತು ಉಂಡೆಗಳು ಬಿಳಿ ಪ್ಲಾಸ್ಟಿಕ್ ಹೊದ್ದು ಸಾಲಾಗಿ ಕುಳಿತವು. ಡಬ್ಬಿ ಬಡಿದೆಯಾ ಎಂದು ಅತ್ತಿಗೆ ಕೇಳಿದಾಗ ಬಡಿದೆ ಎಂದುಬಿಟ್ಟ. ಎಳ್ಳಷ್ಟು ಸುಳ್ಳು.

ಮೂರು ತಿಂಗಳಾದ ಮೇಲೆ ಕೆಳಗಿನ ಹೊಲದ ಮೊದಲ ಉಂಡೆ ಬಿಚ್ಚಿದರು. ಅರ್ಧ ಮುಗಿಯುವಷ್ಟರಲ್ಲಿ ಕರೆಯುವ ಹಸುಗಳಲ್ಲಿ ಮೂರು ನೆಲ ಹಿಡಿದವು. ಡಾಕ್ಟರು ಬಂದರು. ಜ್ವರವಿಲ್ಲ, ಕಣ್ಣು ತಿಳಿಯಾಗಿದೆ, ಎಳೆದ ನಾಲಿಗೆ ಮಾತ್ರ ಒಳಗೆ ಹೋಗದೆ ಜೋತು ಬಿದ್ದಿತು. ಕೊಯ್ಯುವಾಗ ಪ್ರಾಣಿ ಏನಾದರೂ ಸಿಕ್ಕಿತ್ತೇ ಎಂದು ಕೇಳಿದರು.

“ಡಬ್ಬಿ ಬಡೀದೆ ನಮ್ಮ ಹುಡುಗ ಯಂತ್ರ ಇಳಿಸೋದೇ ಇಲ್ಲ ಡಾಕ್ಟ್ರೇ,” ಎಂದಳು ಅತ್ತಿಗೆ.

ಆ ದನಿಯಲ್ಲಿದ್ದ ಹೆಮ್ಮೆ ಅವನ ಬಾಯಿ ಕಟ್ಟಿತು. ಏನೂ ಸಿಗಲಿಲ್ಲವೆಂದು ತಲೆಯಾಡಿಸಿದ. ಹಾಗಾದರೆ ಮೇವಿನ ದೋಷವಿರಲಾರದು ಎಂದ ಡಾಕ್ಟರು ಬಾಟಲಿ ಏರಿಸಿ, ರಕ್ತ ತೆಗೆದುಕೊಂಡು ಹೋದರು.

ಹಿಂದಿನ ಕೊಟ್ಟಿಗೆಯಲ್ಲಿ ಗಬ್ಬದ ಕಡಸುಗಳು ಒಂಬತ್ತಿದ್ದವು. ಹುಟ್ಟಿದಂದಿನಿಂದ ಅತ್ತಿಗೆಯೇ ಬಾಟಲಿ ಹಾಲು ಕುಡಿಸಿ ಬೆಳೆಸಿದವು. ಮುಂದಿನ ವರ್ಷದ ಹಾಲೆಲ್ಲ ಅವುಗಳದೇ. ಸಂಜೆ ಉಳಿದರ್ಧ ಉಂಡೆಯನ್ನು ಅವುಗಳಿಗೆಂದು ಅವಳೇ ಕೈಗಾಡಿಗೆ ತುಂಬಿದಳು. ತಳ್ಳಿದವನು ಇವನು. ಆ ಮೊಲ ಬೇರೆ ಉಂಡೆಯಲ್ಲಿರಬಹುದು, ನಾಳೆ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿಗೆ ನಾಳೆಗಳಿಗೇನು ಬರ?

ಮೂರನೆಯ ಬೆಳಿಗ್ಗೆ ಒಂಬತ್ತೂ ಮಲಗಿದ್ದವು. ಅಷ್ಟರಲ್ಲಿ ಹಸುಗಳು ಮೂರೂ ಸತ್ತಿದ್ದವು. ಅತ್ತಿಗೆ ಒಂದು ಕಡಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಹನಿಸುತ್ತಿದ್ದಳು. ನುಂಗಲಾರದೆ ನೀರು ಸೀರೆಯ ಮೇಲೆ ಹರಿಯುತ್ತಿತ್ತು. ಅವನು ಪಕ್ಕದಲ್ಲಿ ಕುಕ್ಕರಿಸಿ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

“ಮೊನ್ನೆ ಗಾಡಿ ತಳ್ಳುವಾಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಕಡಸಿನ ಬಾಯಿ ಒರೆಸಿದಳು. ಚಿಕ್ಕಂದಿನಲ್ಲಿ ಹಾಲು ಚೆಲ್ಲಿದ್ದಕ್ಕೂ ಬೀದಿಗೆ ಕೇಳುವಂತೆ ಬೈದವಳು ಇವಳು.

“ಬೈದ್ಬಿಡಿ ಅತ್ತಿಗೆ. ಹೊಡೀರಿ ಬೇಕಾದ್ರೆ.”

ಅವಳು ಅವನತ್ತ ನೋಡಲಿಲ್ಲ.

“ನಮ್ಮೋನಾಗಿದ್ರೆ ಬೈತಿದ್ದೆ,” ಎಂದಳು. “ಏಳಪ್ಪ, ಬೆಳಕಿಗೆ ಅಡ್ಡ ಕೂತಿದೀಯ.”