ಪಸ್ಸುವಿನ ಬಳಿ ರಸ್ತೆ ಬಂದ್

ಕಲ್ಲು ಬೀಳುತ್ತಿವೆ, ಸಣ್ಣವು, ಮೊರದಿಂದ ಕಾಳು ಉದುರಿದಂತೆ, ವ್ಯಾನಿನ ಮುಂದೆಯೇ, ಡ್ರೈವರ್ ಇಂಜಿನ್ ಆರಿಸಿದ, ಇಳೀಬೇಡಿ ಚಾಚಾ, ಗುಡ್ಡ ಇನ್ನೂ ಸುಮ್ಮನಾಗಿಲ್ಲ — ಯಾವಾಗ ಸುಮ್ಮನಾಗಿತ್ತು ಇದು, ನನಗಾಗ ಇಪ್ಪತ್ತು, ಮೆಹರಾಬನಿಗೂ ಇಪ್ಪತ್ತು, ಚೀನಾಕ್ಕೆ ದಾರಿ ಕಡಿಯುವ ಕೆಲಸಕ್ಕೆ ಒಂದೇ ದಿನ ಸೇರಿದೆವು, ಅವನು ಸೊಂಟಕ್ಕೆ ಹಗ್ಗ ಬಿಗಿದು ಬಂಡೆಯ ಮೈಗೆ ಇಳಿದು ಸಿಡಿಮದ್ದಿಗೆ ಕುಳಿ ಕೊರೆಯುವವನು, ನಾನು ಮೇಲೆ ನಿಂತು ಹಗ್ಗ ಹಿಡಿಯುವವನು, ಗಟ್ಟಿ ಹಿಡಿಯೋ ಖುಶ್‌ಬೇಗ್, ನಾನು ಬಿದ್ರೆ ನಿನ್ನ ಮದುವೇಲಿ ಕುಣಿಯೋರ್ಯಾರು, ಕೆಳಗಿನಿಂದ ಕೂಗುತ್ತಿದ್ದ, ನಗುತ್ತ. ಅದೇ ಬಂಡೆಯ ಬುಡದಲ್ಲಿ ಈಗ ಚೀನಾದ ಲಾರಿಗಳ ಸಾಲು, ಪಕ್ಕದ ಸೀಟಿನಲ್ಲಿ ಗುಲ್‌ಚೆಹ್ರಾ, ಮೆಹರಾಬನ ತಂಗಿ, ಸೋಸ್ತ್‌ಗೆ ಮಗಳ ಮನೆಗೆ ಹೊರಟಿದ್ದಾಳೆ, ಐವತ್ತು ವರ್ಷ ಒಂದೇ ಊರಲ್ಲಿದ್ದೂ ಇವಳ ಪಕ್ಕ ಎಂದೂ ಕೂತವನಲ್ಲ ನಾನು, ಅವನದೇ ಮೂಗು, ಅದೇ ಗಲ್ಲ — ಎರಡು ಸಲ ಜಗ್ಗಿದರೆ ಮೇಲೆಳೆ ಎಂದರ್ಥ, ಆ ಮಧ್ಯಾಹ್ನ ಗುಡ್ಡ ಗುಡುಗಿತು, ಎಲ್ಲರೂ ಓಡಿದರು, ಹಗ್ಗ ಎರಡು ಸಲ ಜಗ್ಗಿತು, ಇವತ್ತಿಗೂ ಹಸುವಿನ ಹಗ್ಗ ಹಿಡಿದರೆ ಆ ಕಡೆಯಿಂದ ಎರಡು ಸಲ, ಹಾಗೇ, ಯಾರೋ. ಇಲ್ಲೇ ಅಲ್ವಾ ಲಾಲಾ, ಎನ್ನುತ್ತಿದ್ದಾಳೆ, ಅಣ್ಣನನ್ನು ಕರೆಯುತ್ತಿದ್ದ ಹಾಗೇ ನನ್ನನ್ನೂ, ಕಿಟಕಿಯಾಚೆ ನೋಡುತ್ತಲೇ. ಇಲ್ಲೇ ಎಂದೆ. ಹಗ್ಗ ಹರೀತು ಅಂದಿದ್ದೆ ನೀನು. ಹೂಂ, ಬಂಡೆಯ ಅಂಚಿಗೆ ಉಜ್ಜಿ — ಬಿಡು ಲಾಲಾ, ಅವತ್ತು ಸಾವಿನ ಮನೆಗೆ ಬಂದಾಗ ನಿನ್ನ ಕೈಗೆ ನೀರು ಹಾಕಿದವಳು ನಾನು, ಹರಿಯೋ ತನಕ ಹಿಡಿದವನ ಅಂಗೈ ಹೇಗಿರುತ್ತೆ ಅಂತ ತಿಳೀದಾ ನಂಗೆ, ನಿನ್ನ ಕೈಯಲ್ಲಿ ಒಂದು ಗೀರೂ ಇರಲಿಲ್ಲ. ಹದಿಮೂರು ವರ್ಷದ ಹುಡುಗಿ, ನೋಡಿದ್ದಳು, ಐವತ್ತು ವರ್ಷ ಬೀದಿಯಲ್ಲಿ ಎದುರಾದಾಗಲೆಲ್ಲ ಸಲಾಂ ಲಾಲಾ ಅಂದಿದ್ದಳು, ನೋಡಿಯೂ, ನಿಮ್ಮಮ್ಮನಿಗೆ ಯಾಕೆ ಹೇಳಲಿಲ್ಲ ಗುಲ್ ಎಂದೆ. ಹೇಳಿದ್ರೆ ಚಳಿಗಾಲಕ್ಕೆ ಸೌದೆ ಯಾರು ತರ್ತಿದ್ರು, ನೀನೊಬ್ಬನೇ ಇದ್ದೆ ನಮಗೆ, ಅಮ್ಮ ಸಾಯೋವರೆಗೂ ನಿನ್ನ ಹೆಸರು ಹೇಳಿ ದುವಾ ಮಾಡ್ತಿದ್ಲು — ಇಂಜಿನ್ ಗುರುಗುಟ್ಟಿತು, ದಾರಿ ತೆರೀತು ಎಂದು ಯಾರೋ ಹೇಳಿದರು, ವ್ಯಾನ್ ಅಲುಗಿತು, ಲಾರಿಗಳು ಹಿಂದಾದವು, ಬಂಡೆಯೂ ಹಿಂದಾಯಿತು, ನಾನು ಮಾತ್ರ ಅವರ ಹೊಸಿಲಲ್ಲೇ ಬಗ್ಗಿ ನಿಂತಿದ್ದೇನೆ, ಹುಡುಗಿ ತಂಬಿಗೆ ಬಾಗಿಸಿದ್ದಾಳೆ, ನೀರು ಸುರಿಯುತ್ತಿದೆ, ಬೆರಳ ಸಂದಿಯಿಂದ ಇಳಿಯುತ್ತಿದೆ, ತಣ್ಣಗೆ, ಎಲ್ಲೂ ಉರಿಯದೆ, ಅಂಗೈ ನುಣ್ಣಗೆ, ನುಣ್ಣಗೆ