ಮೂಗಿಗೂ ಎರಡು ಕೋಟ್

ಮೂರನೆಯ ಸಲ, ಹೆಬ್ಬೆರಳಲ್ಲೇ ಪುಟ್ಟಿ ಒತ್ತುತ್ತಿದ್ದೇನೆ, ಅಕ್ಕನ ಹೊಲಿಗೆ ರೂಮಿನ ಬಾಗಿಲಿನ ಕೆಳಭಾಗದಲ್ಲಿ, ನನ್ನ ಮೊಣಕಾಲಿನೆತ್ತರಕ್ಕೆ, ನಾಲ್ಕು ಗೆರೆ, ನಮ್ಮ ನಾಯಿ ಗುಂಡಿಯ ಉಗುರಿನ ನಾಲ್ಕು ಗೆರೆ, ನಿನ್ನೆ ತುಂಬಿ ಒಣಗಿಸಿ ಉಪ್ಪುಕಾಗದದಲ್ಲಿ ಉಜ್ಜಿದ್ದೆ, ಅಂಗೈ ಇಟ್ಟರೆ ಜಾರುವ ಹಾಗೆ ನುಣ್ಣಗಾಗಿತ್ತು, ಬೆಳಗಾಗುವಷ್ಟರಲ್ಲಿ ಗುಂಡಿ ಮತ್ತೆ ಕೆರೆದು ಹಾಕಿದ್ದಾನೆ, ಅದೇ ಜಾಗದಲ್ಲಿ, ಸ್ಕೇಲಿಟ್ಟು ಎಳೆದ ಹಾಗೆ. ಮೂವತ್ತು ವರ್ಷ ಊರವರ ಮನೆಗಳಿಗೆ ಬಣ್ಣ ಬಳಿದವನು ನಾನು, ಮಾರುವ ಮನೆ ಎಂದರೆ ಏನೆಂದು ಗೊತ್ತು, ಮೊಳೆಯ ತೂತು ಮುಚ್ಚು, ಗೋಡೆಗೆ ಒರಗಿದ ತಲೆಗಳ ಎಣ್ಣೆಕಲೆ ಮುಚ್ಚು, ಇದ್ದವರು ಇರಲೇ ಇಲ್ಲ ಅನ್ನುವ ಹಾಗೆ ಮಾಡು, ನಡಿ, ಮುಂದಿನ ಮನೆ — ಇದು ನನ್ನದೇ ಮನೆ, ಅಕ್ಕನದೂ, ಅಕ್ಕನದೇ ಹೆಚ್ಚು. ಹನ್ನೊಂದಕ್ಕೆ ಮನೆ ನೋಡಲು ಜನ ಬರುತ್ತಾರೆ. ನಾಯಿ ಬೆಕ್ಕು ಇದ್ದ ಮನೆ ಅಂತ ಗೊತ್ತಾಗಬಾರದು ಅಣ್ಣಾ, ಮೂಗಿಗೆ ಬಡೀಬಾರದು, ಕಣ್ಣಿಗೂ ಬೀಳಬಾರದು, ಅಂದಿದ್ದ ಬ್ರೋಕರು, ತಟ್ಟೆ ಬಟ್ಟಲು ಎತ್ತಿಡಿ, ಕೂದಲು ತೆಗೀರಿ. ತೆಗೆದೆ. ಸೋಫಾವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬೂದಿಬಣ್ಣದ್ದು ಬೆಕ್ಕಿನದು, ಕಂದು ಗುಂಡಿಯದು, ಉದ್ದನೆಯ ಬಿಳಿಯದೊಂದು ಅಕ್ಕನದು, ಮೂರೂ ಒಂದೇ ಉಂಡೆಯಾಗಿ ಸುತ್ತಿಕೊಂಡವು, ಅವಳದನ್ನು ಮಾತ್ರ ಬಿಡಿಸಲು ಕೂತೆ, ಆಗಲಿಲ್ಲ.

ಬೆಕ್ಕಿನ ಚಿಂತೆಯಿಲ್ಲ, ಅಕ್ಕ ತೀರಿಕೊಂಡ ಹದಿನೈದು ದಿನಕ್ಕೆ ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಸಂಸಾರ ಹೂಡಿತು, ಈಗ ಕಾಂಪೌಂಡಿನ ಮೇಲೆ ಕುಳಿತು ನನ್ನನ್ನೇ ಬಾಡಿಗೆಯವನ ಹಾಗೆ ನೋಡುತ್ತದೆ. ಗುಂಡಿ ಹಾಗಲ್ಲ. ಮರಿಯಾಗಿದ್ದಾಗ ಗಿರಾಕಿಯೊಬ್ಬರ ಕೋಟಿನ ಗುಂಡಿ ನುಂಗಿದ್ದ, ಅಕ್ಕ ಎರಡು ದಿನ ಕಾಗದ ಹಿಡಿದು ಅವನ ಹಿಂದೆ ಅಲೆದಳು, ಸಿಕ್ಕಿತು, ತೊಳೆದು ಅದನ್ನೇ ಹೊಲಿದು ಕೊಟ್ಟಳು, ಯಾರ ಮುಂದೂ ಬಾಯಿ ಬಿಟ್ಟೀಯ ಕಣೋ, ಅಂತ ನನಗೆ ಹೇಳಿ ಹೊಲಿಗೆ ಮೆಷಿನ್ನಿನ ಮೇಲೆ ಹಣೆಯಿಟ್ಟು ನಗು, ನಕ್ಕು ನಕ್ಕು ಕೆಮ್ಮು. ಪೆಡಲಿನ ಪಕ್ಕದ ಚಿಂದಿಬಟ್ಟೆಯ ರಾಶಿ ಅವನ ಹಾಸಿಗೆ, ಈ ಬಾಗಿಲಿನ ಆಚೆ, ಮೆಷಿನ್ ಎಣ್ಣೆ, ಸೀಮೆಸುಣ್ಣ, ಅವಳ ಬೆವರು, ಏನೇನೋ ವಾಸನೆ ಇರುತ್ತಿತ್ತು ಒಳಗೆ, ಎಲ್ಲ ಹೇಳುತ್ತಿದ್ದರು, ನನಗೆ ಎಲ್ಲಿ ಗೊತ್ತಾಗಬೇಕು, ಗೋಡೆಗಷ್ಟೇ ಅಲ್ಲ ಕಣೋ, ನಿನ್ನ ಮೂಗಿಗೂ ಎರಡು ಕೋಟ್ ಬಿದ್ದಿದೆ, ಅನ್ನುತ್ತಿದ್ದಳು, ಅನ್ನ ಸೀದರೂ ಗೊತ್ತಾಗಲ್ಲ ನಿಂಗೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ದ ದಿನ ನಾನೇ ಎಳೆದುಕೊಂಡ ಬಾಗಿಲು, ಎಂಟು ತಿಂಗಳು ತೆಗೆಯಲಿಲ್ಲ, ಗುಂಡಿ ದಿನಾ ಬಂದು ಕೆರೆಯುತ್ತಾನೆ, ನಾಲ್ಕು ಗೆರೆ, ಕಾಯುತ್ತಾನೆ, ಹೋಗುತ್ತಾನೆ. ಒಬ್ಬನಿಗೆ ಇಷ್ಟು ದೊಡ್ಡ ಮನೆ ಯಾಕಣ್ಣ, ಅಂದಳು ತಂಗಿ ಫೋನಿನಲ್ಲಿ, ಹೂಂ ಅಂದೆ, ನಾನೇ ಬಾಡಿಗೆಗೆ ಒಂದು ರೂಮು ನೋಡಿದ್ದೇನೆ, ನಾಯಿಗೂ ಒಪ್ಪಿದ್ದಾರೆ. ಹೋದ ವಾರ ಗುಂಡಿಯನ್ನು ಹಿತ್ತಿಲಲ್ಲಿ ಕಟ್ಟಿ ಈ ಬಾಗಿಲು ತೆಗೆದೆ, ಕಿಟಕಿ ತೆಗೆದೆ, ಚಿಂದಿ ಸುಟ್ಟೆ, ಮೆಷಿನ್ ಸಾಗಿಸಿದೆ, ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಿಳಿ, ಮೂಲೆಗಳನ್ನೂ ಬಿಡಲಿಲ್ಲ, ಕೆಲಸ ಎಂದರೆ ಕೆಲಸ, ಕಣ್ಣು ಒದ್ದೆಯಾಗದೆ ಮುಗಿಸಿದೆ, ಮತ್ತೆ ಬಾಗಿಲು ಹಾಕಿದೆ.

ಬಂದ, ಮತ್ತೆ ಬಂದ ಗುಂಡಿ, ಹಸಿ ಪುಟ್ಟಿಯ ಮುಂದೆ ನಿಂತು ಕೆರೆಯಲು ಮುಂಗಾಲೆತ್ತಿದ, ತಡಿಯೋ, ತೆಗೀತೀನಿ, ಜನ ಬರೋಕೆ ಇನ್ನೂ ಅರ್ಧ ಗಂಟೆ ಇದೆ, ಒಂದು ಸಲ ಮಲಗಿ ಎದ್ದುಬಿಡು, ಚಿಲಕ ತೆಗೆದೆ, ಬಾಲ ನನ್ನ ಮೊಣಕಾಲಿಗೆ ಟಪಟಪ ಬಡಿಯುತ್ತಿದೆ, ತಲೆ ಒಳಗಿಟ್ಟ, ಮುಂಗಾಲು ಎರಡೂ ಇಟ್ಟ, ನೆಲ ಮೂಸಿದ, ಪೆಡಲಿದ್ದ ಕಡೆಗೆ ಮೂಗು ಚಾಚಿದ, ಸೀನಿದ. ಬಾಲ ನಿಂತಿತು. ಒಳಗೆ ಹೋಗೋ, ಅಕ್ಕನ ರೂಮು ಕಣೋ. ಹಿಂದಕ್ಕೆ ಹೆಜ್ಜೆಯಿಟ್ಟ, ಹೊರಗೆ ಕೂತ, ನನ್ನ ಮುಖ ನೋಡಿದ, ಎಲ್ಲಿ ಅನ್ನುವ ಹಾಗೆ. ಮುಚ್ಚಿದ್ದಷ್ಟು ದಿನ ಅವಳು ಒಳಗೇ ಇದ್ದಳು ಅವನ ಪಾಲಿಗೆ, ಬಾಗಿಲ ಸಂದಿಯಿಂದ ಸಿಗುತ್ತಿದ್ದಳು, ಎಂಟು ತಿಂಗಳು, ನಾನು ಮೂರು ದಿನದಲ್ಲಿ, ಎರಡು ಕೋಟಿನಲ್ಲಿ — ನಾನೂ ಗೋಡೆಗೆ ಮೂಗು ತಾಗಿಸಿ ಉಸಿರೆಳೆದೆ, ಏನೂ ಇಲ್ಲ, ನನಗೆ ಏನೂ ಇಲ್ಲ, ಎಂದೂ ಇರಲಿಲ್ಲ. ಜನ ಬಂದು ಹೋಗುವವರೆಗೆ ಅವನನ್ನು ಟೀಚರಮ್ಮನ ಅಂಗಳದಲ್ಲಿ ಬಿಟ್ಟು ಬಂದೆ, ಹಗ್ಗ ಎಳೆಯಲೇ ಇಲ್ಲ, ಸುಮ್ಮನೆ ನಡೆದುಬಂದ. ಗಂಡ ಹೆಂಡತಿ ಬಂದರು, ನಲ್ಲಿ ತಿರುಗಿಸಿದರು, ಕಿಟಕಿ ತೆಗೆದು ಮುಚ್ಚಿ ನೋಡಿದರು, ಈ ರೂಮು ಎಷ್ಟು ಚೆನ್ನಾಗಿದೆ ಅಲ್ವಾ, ಹೊಸ ಮನೆ ವಾಸನೆ, ಅಂದಳು ಆಕೆ, ನಾನು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದೇನೆ, ಪುಟ್ಟಿ ಇನ್ನೂ ಮೆತ್ತಗಿದೆ, ನನ್ನ ಉಗುರು ತನ್ನಷ್ಟಕ್ಕೆ ಅದನ್ನು ಕೆದಕಿ ತೆಗೆಯುತ್ತಿದೆ, ಒಂದು ಗೆರೆ, ಎರಡು, ಮೂರು, ಬ್ರೋಕರು ಡಬ್ಬಿಯಿಂದ ಬ್ರಷ್ ಎತ್ತಿ ನನ್ನ ಮುಂದೆ ಹಿಡಿದ, ಅವರಿಗೆ ಮನೆ ಹಿಡಿಸಿದೆ ಅಣ್ಣಾ, ಈ ಬಾಗಿಲಿಗೂ ಒಂದು ಕೈ ಎಳೆದುಬಿಡಿ, ಇದೊಂದು ಕಾಣದೇ ಇದ್ರೆ ಸಾಕು, ಬ್ರಷ್ಷಿನ ತುದಿಯಿಂದ ಬಿಳಿ ತೊಟ್ಟಿಕ್ಕುತ್ತಿದೆ, ನಾಲ್ಕು, ನಾಲ್ಕೂ ಗೆರೆ ಮತ್ತೆ ಮೂಡಿವೆ, ಇದಕ್ಕೆ ಬಣ್ಣ ಬಳಿಯಲ್ಲ, ಅಂದೆ.