ಯುದ್ಧ ನಿಂತ ವಾರ

೧೯೬೨ರ ನವೆಂಬರಿನಲ್ಲಿ ಚೀನಾದೊಡನೆ ಯುದ್ಧ ನಿಂತಿತೆಂದು ರೇಡಿಯೊ ಹೇಳಿದಾಗ, ದಾವಣಗೆರೆಯ ಗುತ್ತಿಗೆದಾರ ಉಚ್ಚೆಂಗಪ್ಪನವರ ಶೆಡ್ಡಿಗೆ ಸೂತಕದ ಕಳೆ ಬಂತು. ಅಲ್ಲಿ ಹೊಲಿಯುತ್ತಿದ್ದದ್ದು ಸೈನಿಕರ ಕೋಟು. ಯುದ್ಧವೇ ಇಲ್ಲದ ಮೇಲೆ ಕೋಟು ಯಾರಿಗೆ ಬೇಕು? ಹೊಲಿಯುವ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ತಪ್ಪೇನು, ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತು.

ಖುರ್ಷೀದಾಗೆ ಮಾತ್ರ ಕುಣಿಯುವಷ್ಟು ಖುಷಿ. ಅವಳ ಗಂಡ ಖುದ್ದೂಸ್ ಸಿಪಾಯಿಯಾಗಿ ಗಡಿಯಲ್ಲಿದ್ದ. ಆ ಖುಷಿಯನ್ನು ಹೇಳಿಕೊಳ್ಳಲು ಅಲ್ಲಿ ಒಬ್ಬರೂ ಇರಲಿಲ್ಲ. ಅವಳೂ ಸೆರಗಿನಿಂದ ಮುಖ ಮುಚ್ಚಿಕೊಂಡಳು, ನಗು ಕಾಣದಿರಲೆಂದು.

ವಾರ ಕಳೆದು ಉಚ್ಚೆಂಗಪ್ಪನವರು ದಿಲ್ಲಿಯಿಂದ ಬಂದರು.

"ಯಾಕ ಅಳ್ತೀರವ್ವ? ಚೀನಾದೋರು ಮತ್ತೆ ಬಂದೇ ಬರ್ತಾರ ಅಂತ ದೊಡ್ಡ ಸಾಹೇಬ್ರ ತಲಿಗೆ ತುಂಬಿ ಬಂದೀನಿ. ಮಿಲ್ಟ್ರಿ ಡಬಲ್ ಆಗ್ತೈತೆ. ಇನ್ನು ವರ್ಷಗಟ್ಲೆ ಕೋಟು ಹೊಲೀರಿ!"

ಶೆಡ್ಡಿಗೆ ಜೀವ ಬಂತು. ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದರು. ಖುರ್ಷೀದಾ ಮುಟ್ಟಲಿಲ್ಲ. ಪಕ್ಕದ ಮಶೀನಿನ ಕಮಲಕ್ಕ ಅಕ್ಕರೆಯಿಂದ ಅವಳ ಬೆನ್ನು ಸವರಿದಳು.

"ತಿನ್ನವ್ವ. ನಿನ್ನ ಗಂಡನ ಕೆಲಸಾನೂ ಉಳೀತಲ್ಲ."